ಹೆಸರಿಲ್ಲದ ನುಡಿಮುತ್ತು ಯಾರ ಸ್ವತ್ತು?



ನಾನು ಸಾಹಿತಿಯಲ್ಲ. ಸಿಂಧನೂರಿನಲ್ಲಿ ಒಂದು ಮುದ್ರಣಾಲಯ ಇಟ್ಟುಕೊಂಡು ಹೊಟ್ಟೆ ಹೊರೆಯುವವನು. ಪಿಯುಸಿಗೆ ಓದು ಮುಗಿಸಿ ಅಪ್ಪನ ಟ್ರೆಡಲ್ ಮಷಿನ್ನಿನ ಮುಂದೆ ನಿಂತವನು ಇನ್ನೂ ನಿಂತೇ ಇದ್ದೇನೆ. ಲಗ್ನಪತ್ರಿಕೆ, ದಲಾಲಿ ಅಂಗಡಿಯ ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್ಲು, ಸತ್ತವರ ಫೋಟೋ ಹಾಕಿದ ಕಾರ್ಡು, ಈಗೀಗ ಫ್ಲೆಕ್ಸು... ಇದೇ ನನ್ನ ಸಾಹಿತ್ಯ! ಕೊಟ್ಟದ್ದನ್ನು ಅಚ್ಚು ಹಾಕುವುದಷ್ಟೇ ನನ್ನ ಕೆಲಸ, ಅದು ಸರಿಯೋ ತಪ್ಪೋ ಕೇಳುವುದು ಮೇಸ್ತರರ ಕೆಲಸ ಎಂದು ಬಹಳ ವರ್ಷ ನಂಬಿದ್ದೆ.

ಹೋದ ತಿಂಗಳು ಬೆಂಗಳೂರಿನಿಂದ ಒಂದು ಫೋನು ಬಂತು. ನಮ್ಮೂರಿನದೇ ಹುಡುಗ, ಅಲ್ಲಿ ಕಂಪ್ಯೂಟರ್ ಕಂಪನಿಯೊಂದರಲ್ಲಿ ನೌಕರಿ. ಕಂಪನಿಯ ಕನ್ನಡ ಹುಡುಗರೆಲ್ಲ ಸೇರಿ ಹೊಸ ವರ್ಷಕ್ಕೆ ಕನ್ನಡದ ಡೈರಿ ತರುತ್ತಾರಂತೆ. ಸಂತೋಷವಾಯಿತು. "ಕಾಕಾ, ತಿಂಗಳಿಗೊಂದು ನುಡಿಮುತ್ತು ಹಾಕಬೇಕ್ರಿ. ಕೆಲಸ, ಬದುಕು, ಕಲೆ, ಜಗತ್ತು ನೋಡೋ ಕಣ್ಣು, ಇಂಥಾವ್ರ ಮ್ಯಾಲೆ ದೊಡ್ಡ ದೊಡ್ಡ ಲೇಖಕರು ಹೇಳಿದ್ದು. ಲಿಸ್ಟು ವಾಟ್ಸಪ್ ಮಾಡೀನಿ ನೋಡ್ರಿ" ಅಂದ.

ನೋಡಿದೆ. ಹನ್ನೆರಡರಲ್ಲಿ ಒಂಬತ್ತು ಇಂಗ್ಲಿಷಿನವರದು. ಅದರಲ್ಲಿ ಮೂರು ಐನ್‌ಸ್ಟೈನ್ ಖಾತೆಗೆ ಜಮೆ. ಪಾಪ, ಆ ಮನುಷ್ಯ ಅಷ್ಟೆಲ್ಲ ಮಾತಾಡಿದ್ದರೆ ಲೆಕ್ಕ ಮಾಡಲು ಅವನಿಗೆ ಹೊತ್ತೆಲ್ಲಿ ಸಿಗುತ್ತಿತ್ತು? ಒಂಬತ್ತನ್ನೂ ಫೋನಿಗೇ ಕೊಟ್ಟು ಕನ್ನಡ ಮಾಡಿಸಿದ್ದ. ಜನವರಿ ಪುಟದಲ್ಲಿ "ನಿಮ್ಮ ಕಾಮಗಾರಿಯನ್ನು ಪ್ರೀತಿಸಿ" ಎಂದಿತ್ತು. ಗೆಳೆಯರೇ, ನಮ್ಮ ಕಡೆ ಕಾಮಗಾರಿಯನ್ನು ಪ್ರೀತಿಸುವವರು ಗುತ್ತಿಗೆದಾರರು ಮಾತ್ರ!

ಉಳಿದ ಮೂರು ಕನ್ನಡದವು. ಒಂದು ಡಿ.ವಿ.ಜಿ. ಹೆಸರಿನಲ್ಲಿ, ಒಂದು ಕುವೆಂಪು ಹೆಸರಿನಲ್ಲಿ, ಒಂದು ಬಸವಣ್ಣನವರ ಹೆಸರಿನಲ್ಲಿ. ಮೂರೂ ತಪ್ಪು.

ಡಿ.ವಿ.ಜಿ.ಯವರದು ಎಂದು ಹಾಕಿದ್ದು ಕಗ್ಗವಂತೆ. ನಾಲ್ಕು ಸಾಲು, ಕೊನೆಯಲ್ಲಿ ಮಂಕುತಿಮ್ಮ. ಆದರೆ 1943ರಲ್ಲಿ ಬಂದ ಆ ಪುಸ್ತಕವನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು, ಕಗ್ಗದ ಪದ್ಯಗಳಲ್ಲಿ ಸಾಲು ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಕೂಡಿರುತ್ತದೆ. ಮೊಳೆ ಜೋಡಿಸಿ ಕಲಿತವನ ಕಣ್ಣಿಗೆ ಮೊದಲು ಬೀಳುವುದೇ ಅದು, ಒಂದೇ ಖಾನೆಗೆ ಮತ್ತೆ ಮತ್ತೆ ಕೈ ಹೋಗುತ್ತದಲ್ಲ! ಈ ಪದ್ಯದಲ್ಲಿ ಎರಡನೆಯ ಅಕ್ಷರ ಒಂದೊಂದು ಸಾಲಿಗೆ ಒಂದೊಂದು ದಿಕ್ಕು. ಯಾರೋ ಬರೆದು ಬಾಲಕ್ಕೆ ಮಂಕುತಿಮ್ಮನನ್ನು ಕಟ್ಟಿದ್ದಾರೆ. ಕುವೆಂಪು ಅವರದು ಯಾವ ಪುಸ್ತಕದ್ದಪ್ಪಾ ಎಂದರೆ "ಗೂಗಲ್‌ನಾಗ ಅದ ಕಾಕಾ" ಎಂಬ ಉತ್ತರ.

ಮೂರನೆಯದು ಕಾಯಕ ಮತ್ತು ಕೈಲಾಸದ ಮಾತು. ಅದು ನಿಮಗೆಲ್ಲ ಗೊತ್ತು. ಬಸ್ಸಿನ ಹಿಂದೆ, ಸಹಕಾರಿ ಸಂಘದ ಗೋಡೆಯ ಮೇಲೆ, ಶಾಲೆಯ ಬಾಗಿಲ ಮೇಲೆ ಎಲ್ಲೆಲ್ಲೂ ಇದೆ. ಕೆಳಗೆ ಬಸವಣ್ಣನವರ ಹೆಸರು. ನಾನೇ ಎಷ್ಟು ಸಲ ಹಾಗೆ ಅಚ್ಚು ಹಾಕಿದ್ದೇನೋ ಲೆಕ್ಕವಿಲ್ಲ. ಬಹಳ ಹಿಂದೆ ಒಬ್ಬ ನಿವೃತ್ತ ಮಾಸ್ತರರು ಮೊಮ್ಮಗನ ಜವಳದ ಕಾರ್ಡು ಮಾಡಿಸಲು ಬಂದವರು ಗೋಡೆಯ ಮೇಲಿನ ನನ್ನ ಕ್ಯಾಲೆಂಡರ್ ನೋಡಿ, "ಲೇ ತಮ್ಮಾ, ಇದು ನಮ್ಮ ಲಿಂಗಸುಗೂರು ತಾಲ್ಲೂಕಿನ ಮನುಷ್ಯಾಂದು. ಮನೀ ಮಗನ ಹೆಸರು ಅಳಿಸಿ ಹಾಕೀಯಲ್ಲೋ" ಅಂದರು. ನಾನು ನಂಬಲಿಲ್ಲ. ಅವರು ಮರುದಿನ ವಚನದ ಪುಸ್ತಕ ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. ಓದಿ ನೋಡಿದೆ. ಕೊನೆಯಲ್ಲಿ ಅಮರೇಶ್ವರಲಿಂಗ ಎಂಬ ಅಂಕಿತವಿದೆ. ಕೂಡಲಸಂಗಮದೇವ ಇಲ್ಲ!

ಅದು ಆಯ್ದಕ್ಕಿ ಮಾರಯ್ಯನ ಮಾತು. ಮಾರಯ್ಯ, ಅವನ ಹೆಂಡತಿ ಲಕ್ಕಮ್ಮ, ಇಬ್ಬರೂ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಗುರುಗುಂಟಾ ಹತ್ತಿರದ ಆ ಗುಡ್ಡಕ್ಕೆ ನಮ್ಮ ಜನ ಇವತ್ತಿಗೂ ಜಾತ್ರೆಗೆ ಹೋಗುತ್ತಾರೆ, ಹಣ್ಣುಕಾಯಿ ಮಾಡಿಸುತ್ತಾರೆ, ಮಿರ್ಚಿ ಭಜಿ ತಿಂದು ಬರುತ್ತಾರೆ. ಇದೇ ಊರಿನ ದೇವರ ಹೆಸರು ಹನ್ನೆರಡನೇ ಶತಮಾನದಲ್ಲಿ ಒಂದು ವಚನದ ಕೊನೆಗೆ ಕೂತು, ಆ ವಚನದ ಎರಡು ಪದ ಇಡೀ ಕರ್ನಾಟಕದ ಗೋಡೆಯ ಮೇಲಿದೆ ಎಂದು ಹೇಳಿದರೆ ಎಷ್ಟು ಜನ ಒಪ್ಪುತ್ತಾರೆ? ಬಸವಣ್ಣನವರಿಗೆ ಅವರದೇ ಸಾವಿರ ಮಾತಿವೆ. ಅಕ್ಕಿ ಆಯುವವನದೊಂದನ್ನು ಕಿತ್ತು ಅವರಿಗೆ ಕೊಟ್ಟರೆ ಅವರೇ ಬೇಡವೆನ್ನುತ್ತಿದ್ದರು!

ಇನ್ನು ಲಕ್ಕಮ್ಮನ ಕಥೆ. ಕಲ್ಯಾಣದಲ್ಲಿ ಮಾರಯ್ಯನ ಕಾಯಕ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುವುದು. ದಿನದ ಅಕ್ಕಿ, ದಿನದ ದಾಸೋಹ. ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಹಿಗ್ಗಬೇಕಿತ್ತಲ್ಲವೇ? ಲಕ್ಕಮ್ಮ ಮುಖ ಗಂಟು ಹಾಕಿದಳು. ಅತಿಯಾಸೆ ಸಿಂಹಾಸನದ ಮೇಲೆ ಕೂತವರ ರೋಗ, ಅದು ನಮ್ಮ ಮನೆಗೆ ಯಾಕೆ ಬಂತು ಎಂದು ಕೇಳಿ, ಹೆಚ್ಚಿನದನ್ನು ತಂದ ಜಾಗಕ್ಕೇ ಮುಟ್ಟಿಸಿ ಬರಲು ಕಳಿಸಿದಳು. ಅವಳೂ ವಚನ ಬರೆದಳು. ಅವಳ ಅಂಕಿತದಲ್ಲಿ ಗಂಡನ ಹೆಸರೂ ಇದೆ, ಅಮರೇಶ್ವರಲಿಂಗವೂ ಇದೆ.

ಈಗ ಹೇಳಿ. ಗಂಡನ ಮಾತು ಗೋಡೆ ಗೋಡೆಯ ಮೇಲಿದೆ. ಹೆಂಡತಿಯ ಮಾತನ್ನು ಯಾವ ಗೋಡೆಯ ಮೇಲಾದರೂ ಕಂಡಿದ್ದೀರಾ?

ನಾನು ಒಮ್ಮೆ ಯತ್ನ ಮಾಡಿ ನೋಡಿದೆ. ಒಬ್ಬ ಅಕ್ಕಿ ಗಿರಣಿಯ ಸಾವ್ಕಾರರು, ಹೆಸರು ಬೇಡ, ಹಮಾಲರು ಕೂರುವ ಕಡೆ ಹಾಕಲು ಕಾಯಕದ ಬೋರ್ಡು ಬರೆಸಲು ಬಂದರು. "ಸಾವ್ಕಾರ್ರೇ, ಇದರ ಪಕ್ಕಕ್ಕೆ ಲಕ್ಕಮ್ಮಂದೂ ಒಂದು ಬೋರ್ಡು ಮಾಡಿ ನಿಮ್ಮ ಗಲ್ಲಾ ಮ್ಯಾಲೆ ಹಾಕೋಣ್ರಿ, ಅದರ ರೊಕ್ಕ ಬ್ಯಾಡ" ಅಂದೆ. ಏನದು ಎಂದರು. ಹೇಳಿದೆ. ನಕ್ಕರು. "ನೀ ಭಾಳ ಓದೀಯಪಾ" ಅಂದು ಒಂದೇ ಬೋರ್ಡು ಒಯ್ದರು. ಅದೂ ಅಕ್ಕಿ ಗಿರಣಿಗೆ! ಅಕ್ಕಿ ಆಯ್ದವರ ಮಾತಿನಲ್ಲಿ ಅರ್ಧ ಮಾತ್ರ ಅಲ್ಲಿ ನೇತಾಡುತ್ತಿದೆ.

ಕೆಲಸದ ಬಗ್ಗೆ ದೊಡ್ಡವರ ಮಾತು ಗೋಡೆಗೆ ಹಾಕುವವರು ಯಾರು, ಅದನ್ನು ಓದಬೇಕಾದವರು ಯಾರು ಎಂದು ಯೋಚಿಸಿದ್ದೀರಾ? 1956ರಲ್ಲಿ ಎದ್ದು ನಿಂತ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆ. ಅದನ್ನು ನೋಡುತ್ತ ನಮ್ಮ ಜನ ಫೈಲಿಗಾಗಿ ಎಷ್ಟು ಸಲ ರಾಯಚೂರಿನಿಂದ ರೈಲು ಹತ್ತಿ ಹೋಗಿ ಬಂದಿಲ್ಲ! ಕಾಲುವೆ ನೀರು ಕಾಣದ ಹಳ್ಳಿಗಳಿಂದ ವರ್ಷ ವರ್ಷ ಗುಳೆ ಹೋಗುತ್ತಾರೆ. ನಿಮ್ಮ ಅಪಾರ್ಟ್‌ಮೆಂಟಿನ ಪಾಯ ತೋಡುವವರ ಮಾತು ಕೇಳಿಸಿಕೊಳ್ಳಿ, "ಹಂಗ", "ಹಿಂಗ", "ಅದ ನೋಡ್ರಿ" ಎನ್ನುತ್ತಿದ್ದರೆ ಮಸ್ಕಿಯವರೋ ದೇವದುರ್ಗದವರೋ ಇರಬಹುದು. ಆ ಕನ್ನಡ ಕೇಳಿ ನಗುವವರೂ ನಿಮ್ಮಲ್ಲಿ ಇದ್ದಾರೆ. ನಗುವ ಮುನ್ನ ನೆನಪಿರಲಿ, ಕೆಲಸ ಎಂಬುದರ ಬಗ್ಗೆ ಕನ್ನಡದ ಅತಿ ಪ್ರಸಿದ್ಧ ಮಾತು ಹುಟ್ಟಿದ್ದು ಅವರ ಸೀಮೆಯ ಬಾಯಲ್ಲಿ.

ಅಂಕಿತದ ವಿಷಯಕ್ಕೆ ಬರುತ್ತೇನೆ. ಅದು ನನ್ನ ಕಸುಬಿಗೆ ಹತ್ತಿರದ್ದು. ಚುನಾವಣೆ ಬಂದಾಗ ನನ್ನಂಥವರಿಗೆ ತಹಸೀಲ್ದಾರ್ ಕಚೇರಿಯಿಂದ ಕರೆ ಬರುತ್ತದೆ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣೆಯ ಯಾವ ಹ್ಯಾಂಡ್‌ಬಿಲ್ಲಿನ ಮೇಲೂ ಮುದ್ರಕನ ಹೆಸರು, ವಿಳಾಸ ಇರಬೇಕು, ಪ್ರಕಾಶಕನದೂ ಇರಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೂ ಹಳೆಯದು ಬ್ರಿಟಿಷರು 1867ರಲ್ಲಿ ಮಾಡಿದ ಕಾಯ್ದೆ. ಪುಸ್ತಕವಿರಲಿ ಪತ್ರಿಕೆಯಿರಲಿ, ಯಾರು ಅಚ್ಚು ಹಾಕಿದರು, ಎಲ್ಲಿ ಹಾಕಿದರು ಎಂದು ಅದರ ಮೇಲೆ ಕಾಣಬೇಕಿತ್ತು. 2024ರ ಮಾರ್ಚ್‌ನಲ್ಲಿ ಹೊಸ ಕಾಯ್ದೆ ಬಂದು ಅದು ಹೋಯಿತು. ಬ್ರಿಟಿಷರು ಅದನ್ನು ಮಾಡಿದ್ದು ನಮ್ಮ ಮೇಲೆ ಕಣ್ಣಿಡಲು, ನಿಜ. ಆದರೆ ಆ ಪುಟ್ಟ ಸಾಲಿನಲ್ಲಿ ಒಂದು ಮರ್ಯಾದೆ ಇದೆ. ಮಾತಾಡಿದವನು ಓಡಿಹೋಗುವಂತಿಲ್ಲ!

ನಮ್ಮ ಸೀಮೆಯವರು ಈ ಮರ್ಯಾದೆಯನ್ನು ಕಾಯ್ದೆ ಬರುವ ಮುಂಚೆಯೇ ಪಾಲಿಸಿದರು. ವಚನಕಾರರ ಅಂಕಿತ ಹೇಳಿದೆ. ದಾಸರನ್ನು ನೋಡಿ. ಚೀಕಲಪರ್ವಿಯ ವಿಜಯದಾಸರು ವಿಜಯವಿಠಲ ಎಂದರು. ಮಾನ್ವಿಯ ಜಗನ್ನಾಥದಾಸರು ಜಗನ್ನಾಥವಿಠಲ ಎಂದರು. ಲಿಂಗಸುಗೂರಿನ ಪ್ರಾಣೇಶದಾಸರೂ ಆ ಸಾಲಿನವರೇ. ಗಜಲ್ ಬರೆಯುವವರಲ್ಲೂ ಇದೇ ರೂಢಿ, ಕೊನೆಯ ದ್ವಿಪದಿಯಲ್ಲಿ ಕವಿ ತನ್ನ ಹೆಸರನ್ನು ನೇಯುತ್ತಾನೆ, ಅದಕ್ಕೆ ಉರ್ದುವಿನಲ್ಲಿ ತಖಲ್ಲುಸ್ ಎನ್ನುತ್ತಾರೆ. ನಿಜಾಮನ ಕಾಲದಲ್ಲಿ ಉರ್ದು ನಮ್ಮ ತಲೆಯ ಮೇಲೆ ಕೂತಿತ್ತು. ನನ್ನ ಅಜ್ಜ ಉರ್ದು ಶಾಲೆಯಲ್ಲಿ ಕಲಿತು ಸಾಯುವ ತನಕ ಉರ್ದುವಿನಲ್ಲೇ ಸಹಿ ಹಾಕಿದ. 1948ರ ಸೆಪ್ಟೆಂಬರ್‌ನಲ್ಲಿ ಆ ಆಳ್ವಿಕೆ ಹೋಯಿತು, 1956ರ ನವೆಂಬರ್ 1ಕ್ಕೆ ನಾವು ಕನ್ನಡ ನಾಡಿಗೆ ಬಂದೆವು. ಆಮೇಲೆ ರಾಯಚೂರಿನ ಶಾಂತರಸರು ಏನು ಮಾಡಿದರು? ಉರ್ದುವನ್ನು ಬೈಯುತ್ತ ಕೂರಲಿಲ್ಲ. ಅದರ ಗಜಲನ್ನು ಕನ್ನಡಕ್ಕೆ ಕರೆತಂದು ಕೂರಿಸಿದರು. 2006ರಲ್ಲಿ ಬೀದರ್ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪರಭಾಷೆಯಿಂದ ತರುವುದು ಹಾಗೆ. ಹೆಸರು ಹೇಳಿ, ಬೆಲೆ ತೆತ್ತು, ನಮ್ಮ ಮಾತಿಗೆ ಹೊಂದಿಸಿ ತರಬೇಕು. ಬಿ.ಎಂ.ಶ್ರೀ. ಇಂಗ್ಲಿಷ್ ಗೀತೆಗಳನ್ನು ತಂದದ್ದು ಹಾಗೆ. ಲಂಕೇಶರು ಬೋದಿಲೇರನನ್ನು ತಂದದ್ದು ಹಾಗೆ. ಫೋನಿಗೆ ಕೊಟ್ಟು ಕಾಮಗಾರಿ ಮಾಡಿಸಿ ತರುವುದಲ್ಲ.

ಇನ್ನು ನೋಡುವ ಕಣ್ಣಿನ ಮಾತು. ಹುಡುಗನ ಲಿಸ್ಟಿನಲ್ಲಿ ಅದರ ಮೇಲೆ ಮೂರು ಮುತ್ತುಗಳಿದ್ದವು. ಮೂರೂ ಪರದೇಶದವು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲೇ ಮಸ್ಕಿ ಇದೆ. ನೀವು ಬಸ್ಸಿನ ಕಿಟಕಿಯಿಂದ ಅದರ ಗುಡ್ಡ ನೋಡಿ ಮತ್ತೆ ಫೋನು ನೋಡಿರುತ್ತೀರಿ. ಆ ದುರ್ಗದ ಗುಡ್ಡದ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದೆ ಯಾರೋ ಅಕ್ಷರ ಕೆತ್ತಿದರು. ಕುರಿ ಕಾಯುವವರು ಅದರ ನೆರಳಲ್ಲಿ ಬುತ್ತಿ ಬಿಚ್ಚಿದರು, ಮಕ್ಕಳು ಹತ್ತಿ ಇಳಿದರು. ಎಲ್ಲರೂ ನೋಡಿದರು, ಓದಿದವರು ಯಾರೂ ಇಲ್ಲ. 1915ರ ಜನವರಿಯಲ್ಲಿ ಸಿ. ಬೀಡನ್ ಎಂಬ ಎಂಜಿನಿಯರ್ ಆ ಕಡೆ ಬಂದ. ಅವನು ಬಂದದ್ದು ಚಿನ್ನ ಹುಡುಕಲು. ಹಟ್ಟಿಯ ಗಣಿ ಇಲ್ಲೇ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆಯಲ್ಲ, ಕೋಲಾರದ್ದು 2001ರಲ್ಲಿ ಮುಚ್ಚಿತು, ಹಟ್ಟಿಯದು ಇಂದಿಗೂ ನಡೆದಿದೆ. ಚಿನ್ನ ಹುಡುಕುವವನ ಕಣ್ಣಿಗೆ ಬಿದ್ದದ್ದು ಅಕ್ಷರ!

ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ದೇಶದ ಬಂಡೆಗಳ ಮೇಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಸಿಕ್ಕಿದ್ದವು. ಆ ರಾಜ ಅಶೋಕನೇ ಎಂದು ಪಂಡಿತರು ಊಹಿಸಿದ್ದರು. ಆ ರಾಜನದೇ ಶಾಸನದಲ್ಲಿ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಸಿಕ್ಕಿತು. ನೋಡಿ, ಇಡೀ ದೇಶದ ಚಕ್ರವರ್ತಿಯ ಗುರುತು ಸಿಕ್ಕಿದ್ದೂ ಒಂದು ಹೆಸರಿನಿಂದ. ಬಿರುದು ಎಷ್ಟಿದ್ದರೇನು?

ಆ ಶಾಸನ ಕನ್ನಡದ್ದಲ್ಲ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ವೇದಿಕೆಯ ಮೇಲೆ ಎರಡೂವರೆ ಸಾವಿರ ವರ್ಷದ ಕನ್ನಡ ಶಾಸನ ಎಂದು ಕೂಗುವವರನ್ನು ಕಂಡಿದ್ದೇನೆ. ಸುಳ್ಳು ಹೇಳಿ ಕನ್ನಡವನ್ನು ದೊಡ್ಡದು ಮಾಡುವ ಅಗತ್ಯವಿಲ್ಲ ಗೆಳೆಯರೇ. ಆದರೆ ಅದರಲ್ಲಿ ಹೇಳಿದ ಮಾತು ನಮ್ಮದೇ ಅನಿಸುತ್ತದೆ. ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಎತ್ತರ ಸಿಗುತ್ತದೆ, ಅದು ದೊಡ್ಡವರ ಪಾಲಿನದು ಮಾತ್ರ ಎಂದು ತಿಳಿಯಬೇಡಿ ಎಂಬುದು ಅದರ ತಾತ್ಪರ್ಯ. ಸಾವಿರದ ಮುನ್ನೂರು, ಸಾವಿರದ ನಾನೂರು ವರ್ಷದ ಮೇಲೆ ಅದೇ ಸೀಮೆಯ ಮಾರಯ್ಯ, ಲಕ್ಕಮ್ಮ ಅದನ್ನು ಬದುಕಿ ತೋರಿಸಿದರು. ಅವರು ಆ ಬಂಡೆ ಓದಿದ್ದರು ಎಂದು ನಾನು ಹೇಳುತ್ತಿಲ್ಲ. ಒಂದೇ ರಸ್ತೆಯ ಮೇಲಿನ ಊರುಗಳು, ಅಷ್ಟೆ.

ಮಸ್ಕಿಯಲ್ಲಿ ಕೆತ್ತಿದವನ ಹೆಸರಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನದ ಕೊನೆಗೆ ಬರೆದವನು ತನ್ನ ಹೆಸರು ಹಾಕಿದ್ದಾನೆ. ಚಪಡ. ತನ್ನನ್ನು ಲಿಪಿಕಾರ ಎಂದು ಕರೆದುಕೊಂಡಿದ್ದಾನೆ. ಅದರಲ್ಲಿ ಒಂದು ಪದವನ್ನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನೂ ಬಲದಿಂದ ಎಡಕ್ಕೆ ಓದಿ ಕಲಿತವನು! ಸೀಸದ ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನಂತೆ ತಿರುಗಿರುತ್ತದೆ. ಇಂಗ್ಲಿಷಿನ ಕೇಸಿಗಿಂತ ಕನ್ನಡದ ಕೇಸಿಗೆ ಖಾನೆ ಬಹಳ ಹೆಚ್ಚು, ಕಾಗುಣಿತ ಬೇರೆ, ಒತ್ತು ಬೇರೆ. ನನ್ನ ಅಪ್ಪ ಕಣ್ಣು ಮುಚ್ಚಿ 'ಕ್ಷ' ತೆಗೆಯುತ್ತಿದ್ದ. ಕೈಗೆ ಮಸಿ, ಸೊಂಟಕ್ಕೆ ನೋವು. ಒತ್ತಕ್ಷರ ಬಿದ್ದುಹೋದರೆ ಮದುಮಗಳ ಹೆಸರೇ ಬೇರೆಯಾಗುತ್ತಿತ್ತು. ಕಂಪ್ಯೂಟರ್ ಬಂತು, ನುಡಿ ಬಂತು, ಕೆ.ಪಿ. ರಾಯರು ಹಾಕಿಕೊಟ್ಟ ಕೀಲಿಮಣೆಯ ದಾರಿಯಲ್ಲೇ ನನ್ನ ಬೆರಳು ಓಡುತ್ತವೆ. ಮೊಳೆಗಳನ್ನು ತೂಕಕ್ಕೆ ಹಾಕಿದೆವು. ಆ ದಿನ ಅಪ್ಪ ಅಂಗಡಿಗೆ ಬರಲಿಲ್ಲ.

ಬರೆಯುವವರು ಬೇರೆ, ಅಚ್ಚಿನವರು ಬೇರೆ ಎಂದು ತಿಳಿದಿದ್ದೀರಾ? ವಿಜಾಪುರದ ಫ.ಗು. ಹಳಕಟ್ಟಿಯವರು ವಕೀಲರು. ಊರೂರು ತಿರುಗಿ ತಾಡೋಲೆ ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. ಆಮೇಲೆ ಮನೆ ಮಾರಿ ಮುದ್ರಣಾಲಯ ಹಾಕಿದರು, ಹಿತಚಿಂತಕ ಎಂದು ಹೆಸರಿಟ್ಟರು. ಅವರು ಹಾಗೆ ಹಾಳಾಗದೆ ಹೋಗಿದ್ದರೆ ಮಾರಯ್ಯ ಯಾರು ಲಕ್ಕಮ್ಮ ಯಾರು ಎಂದು ನನಗೂ ನಿಮಗೂ ಹೇಗೆ ಗೊತ್ತಾಗುತ್ತಿತ್ತು? ಪುತ್ತೂರಿನಲ್ಲಿ ಕಾರಂತರೂ ಅಚ್ಚುಕೂಟ ನಡೆಸಿದರು. ತಮ್ಮ ಪುಸ್ತಕಕ್ಕೆ ತಾವೇ ಚಿತ್ರ ಬರೆದರು, ಯಕ್ಷಗಾನಕ್ಕೆ ತಾವೇ ಕುಣಿದರು. 1977ರಲ್ಲಿ ಅವರಿಗೆ ಜ್ಞಾನಪೀಠ ತಂದ ಕಾದಂಬರಿಯ ಮೂಕಜ್ಜಿ ಒಂದು ವಸ್ತುವನ್ನು ಮುಟ್ಟಿದರೆ ಅದರ ಹಿಂದಿನ ಕಾಲವೆಲ್ಲ ಅವಳಿಗೆ ಕಾಣುತ್ತಿತ್ತು. ಅವಳನ್ನು ಮಸ್ಕಿ ಬಂಡೆಯ ಹತ್ತಿರ ಕರೆದೊಯ್ಯಬೇಕಿತ್ತು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇಷ್ಟನ್ನೂ ಹುಡುಗನಿಗೆ ಫೋನಿನಲ್ಲೇ ಹೇಳಿದೆ. ಅವನಿಗೆ ಬೇಜಾರಾಯಿತೇನೋ. "ಕಾಕಾ, ಹೊರಗಿನವ್ರು ಬ್ಯಾಡಂತೀರೇನು?" ಅಂದ. ಹಾಗಲ್ಲ. ಖಲೀಲ್ ಗಿಬ್ರಾನ್ 1923ರ ತನ್ನ ಪುಸ್ತಕದಲ್ಲಿ ಕೆಲಸದ ಮೇಲೆಯೇ ಒಂದು ಅಧ್ಯಾಯ ಬರೆದ. ಜಮೀನ್ದಾರನಾಗಿದ್ದ ಟಾಲ್‌ಸ್ಟಾಯ್ ಕೂತು ಬೂಟು ಹೊಲಿಯಲು ಕಲಿತ. ಅವರೂ ಬರಲಿ. ಯಾವ ಪುಸ್ತಕ, ಯಾರ ಅನುವಾದ ಎಂದು ಹಾಕೋಣ. ನಮ್ಮೂರ ಕಡೆ ನೋಡು, ತುಂಗಭದ್ರಾ ಕಾಲುವೆ ಬಂದ ಮೇಲೆ ತೆಲುಗು ಕ್ಯಾಂಪುಗಳಾದವು, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳಾದವು. ಮೊನ್ನೆ ಆ ಕ್ಯಾಂಪಿನ ಒಬ್ಬ ಬಂಗಾಳಿ ಹುಡುಗಿ ತನ್ನ ಮದುವೆಯ ಕಾರ್ಡಿನ ಪ್ರೂಫನ್ನು ತಾನೇ ಕೂತು ಕನ್ನಡದಲ್ಲಿ ತಿದ್ದಿ ಹೋದಳು. ಎರಡು ತಪ್ಪು ಹಿಡಿದಳು, ಎರಡೂ ನನ್ನವು. ಅವಳಿಗೆ ಸಾಧ್ಯವಾದದ್ದು ಕೋರಮಂಗಲದಲ್ಲಿ ಕೂತ ನಿನಗೆ ಯಾಕೆ ಸಾಧ್ಯವಿಲ್ಲ ಎಂದು ಕೇಳಿದೆ.

ಎರಡು ದಿನ ಸುದ್ದಿಯಿಲ್ಲ. ಆರ್ಡರ್ ಹೋಯಿತು ಅಂದುಕೊಂಡೆ. ಮೂರನೆಯ ದಿನ ಹೊಸ ಲಿಸ್ಟು ಬಂತು. ಐನ್‌ಸ್ಟೈನ್ ಮೂರೂ ಕಡೆಯಿಂದ ರಜೆ ಹೋಗಿದ್ದ. ಜನವರಿಗೆ ಮಾರಯ್ಯ, ಫೆಬ್ರವರಿಗೆ ಲಕ್ಕಮ್ಮ, ಅಂಕಿತದ ಸಮೇತ. ಮಸ್ಕಿಯ ಬಂಡೆ ಒಂದು ತಿಂಗಳಿಗೆ, ಶಾಂತರಸರು ಒಂದಕ್ಕೆ. ಗಿಬ್ರಾನ್ ಇದ್ದಾನೆ. ಎರಡು ತಿಂಗಳದು ಇನ್ನೂ ಜಗಳದಲ್ಲಿದೆ, ಅವನು ಒಂದು ಸಿನಿಮಾ ಡೈಲಾಗ್ ಬೇಕೇ ಬೇಕು ಅನ್ನುತ್ತಾನೆ. ಬರೆದವರ ಹೆಸರು ತಂದುಕೊಡು, ಹಾಕುತ್ತೇನೆ ಅಂದಿದ್ದೇನೆ. ಲಕ್ಕಮ್ಮನ ಪುಟ ನೋಡಿ ಅವನ ಮೇಲಿನ ಅಧಿಕಾರಿ ಇದು ಯಾಕೆ ಎಂದು ಕೇಳಿದನಂತೆ. ಹುಡುಗ ಏನು ಉತ್ತರ ಕೊಟ್ಟನೋ ನನಗೆ ಹೇಳಲಿಲ್ಲ, ಪುಟ ಮಾತ್ರ ತೆಗೆಸಲಿಲ್ಲ.

ಸೋಮವಾರ ಮಷಿನ್ನಿಗೆ ಹೋಗುತ್ತದೆ. ಐನೂರು ಪ್ರತಿ. ನಿಮ್ಮ ಕೈಗೆ ಒಂದು ಬಂದರೆ, ತಪ್ಪು ಕಂಡರೆ, ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು, ಊರು ಇರುತ್ತವೆ.